ಬಾಣಂತನ ಮುಗಿದ ಮೇಲೆ ಉಳಿಯುವ ರಕ್ತದೊತ್ತಡ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗಗಳಲ್ಲಿ ಚೊಚ್ಚಲ ಬಸುರಿಯನ್ನು ಕುಬಸದ ನಂತರ ತವರಿಗೆ ಕರೆತಂದು, ಹೆರಿಗೆ ಬಾಣಂತನಗಳನ್ನು ಅಲ್ಲಿಯೇ ಪೂರೈಸಿ, ಕೆಲವು ತಿಂಗಳ ಮೇಲೆ ಕೂಸಿನೊಡನೆ ಗಂಡನ ಮನೆಗೆ ಕಳಿಸುವ ರೂಢಿ ಇಂದಿಗೂ ಇದೆ. ತಾಯಿಗೆ ವಿಶ್ರಾಂತಿ ನೀಡುವ ಈ ರೂಢಿ ಒಳ್ಳೆಯದೇ. ಆದರೆ ಬಸುರಿನಲ್ಲಿ ರಕ್ತದೊತ್ತಡ ಏರಿದ್ದವಳ ಚಿಕಿತ್ಸೆಯ ಎಳೆ ಕಡಿದುಹೋಗಲು ಈ ಎರಡು ಮನೆಗಳ ನಡುವಿನ ಅಂತರವೇ ಸಾಕು.

ಬಸುರಿನ 20 ವಾರಗಳ ನಂತರ ರಕ್ತದೊತ್ತಡ 140/90ನ್ನು ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಅಥವಾ ಮೂತ್ರಪಿಂಡ, ಯಕೃತ್ತುಗಳಿಗೆ ತೊಂದರೆಯಾದರೆ ಅದನ್ನು ಪ್ರಿಎಕ್ಲಾಂಪ್ಸಿಯಾ ಅಥವಾ ಬಸಿರುನಂಜು ಎನ್ನುತ್ತಾರೆ. ಮಾಸು, ಅಂದರೆ ಕೂಸಿಗೆ ತಾಯಿಯಿಂದ ಆಹಾರ ಒದಗಿಸುವ ಅಂಗ, ಗರ್ಭಕೋಶದಲ್ಲಿ ಸರಿಯಾಗಿ ನಾಟಿಕೊಳ್ಳದೆ ಅದಕ್ಕೆ ರಕ್ತ ಸಾಲದಾದಾಗ, ಅದರಿಂದ ಹೊರಬೀಳುವ ವಸ್ತುಗಳು ತಾಯಿಯ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಮಾಸು ಬಿದ್ದಕೂಡಲೇ ಎಲ್ಲವೂ ಮುಗಿಯಿತೆಂಬ ನಂಬಿಕೆ ಅಪಾಯಕಾರಿ, ಏಕೆಂದರೆ ಹೆರಿಗೆಯಾದ ಮೂರರಿಂದ ಆರನೆಯ ದಿನದ ನಡುವೆ ಒತ್ತಡ ಮತ್ತೆ ಏರಬಹುದು, ಫಿಟ್ಸ್ ಕೂಡ ಬರಬಹುದು. ಆಗಿನ ತಲೆನೋವನ್ನು ಥಂಡಿಯದೆಂದು ತಿಳಿದು, ಬಾಣಂತಿಯ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ ಮಲಗಿಸುವ ಮನೆಯವರಿಗೆ, ಕಣ್ಣು ಮಂಜಾಗುವುದೂ ಹೊಟ್ಟೆಯ ಮೇಲ್ಭಾಗ ನೋಯುವುದೂ ಆಸ್ಪತ್ರೆಗೆ ಒಯ್ಯಬೇಕಾದ ಲಕ್ಷಣಗಳೆಂದು ಬಿಡುಗಡೆಯ ದಿನವೇ ಹೇಳಬೇಕು.

ಇನ್ನೂ ದೂರದ ಮಾತೊಂದಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಬಸಿರುನಂಜು ಕಂಡ ತಾಯಂದಿರಲ್ಲಿ ಮುಂದೆ ಅಧಿಕ ರಕ್ತದೊತ್ತಡದ ಸಂಭವ ಸುಮಾರು ನಾಲ್ಕು ಪಟ್ಟು, ಹೃದ್ರೋಗ ಮತ್ತು ಪಾರ್ಶ್ವವಾಯುವಿನ ಸಂಭವ ಸುಮಾರು ಎರಡು ಪಟ್ಟು. ತಾಯಿ ಕಾರ್ಡಿನಲ್ಲಿ ತೂಕ, ಹಿಮೋಗ್ಲೋಬಿನ್‌ಗಳ ಪಕ್ಕದಲ್ಲಿ ಪೆನ್ನಿನಿಂದ ಬರೆದ 150/100 ಎಂಬ ಅಂಕಿ, ಆದ್ದರಿಂದ, ಆ ಒಂಬತ್ತು ತಿಂಗಳಿಗಷ್ಟೇ ಸೇರಿದ್ದಲ್ಲ. ಆದರೂ ಕೂಸಿನ ಲಸಿಕೆ ಮುಗಿದಂತೆ ಕಾರ್ಡು ಟ್ರಂಕಿನ ತಳ ಸೇರುತ್ತದೆ, ನಲವತ್ತರ ವಯಸ್ಸಿನಲ್ಲಿ ಎದೆನೋವೆಂದು ಬಂದವಳನ್ನು ಹಳೆಯ ಬಸುರುಗಳ ಕುರಿತು ಕೇಳುವವರು ವಿರಳ.

ನೆರೆಯ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆದ ಕ್ಲಿಪ್ ಎಂಬ ಅಧ್ಯಯನದಲ್ಲಿ ಆಶಾ ಕಾರ್ಯಕರ್ತೆಯರು ಬಸುರಿಯರ ಮನೆಗೇ ಹೋಗಿ ರಕ್ತದೊತ್ತಡ ಅಳೆದರು. ಒಟ್ಟಾರೆ ಸಾವುನೋವು ಅದರಿಂದ ತಗ್ಗಿದ್ದು ಕಂಡುಬರದಿದ್ದರೂ, ಹಳ್ಳಿಯ ಮನೆಯಲ್ಲಿ ಆ ಕೆಲಸ ಸಾಧ್ಯವೆಂಬುದು ತಿಳಿಯಿತು. ಪ್ರತಿ ತಿಂಗಳ 9ರಂದು ಸುರಕ್ಷಿತ ಮಾತೃತ್ವ ಅಭಿಯಾನದಡಿ ಬಸುರಿಯರ ತಪಾಸಣೆಯೂ ನಡೆಯುತ್ತದೆ. ಬಾಣಂತನದ ಆಚೆಗೆ ಇಂಥ ನಿಗದಿತ ದಿನವಿಲ್ಲದಿರುವುದೇ ಕೊರತೆ: ಮುಂಡರಗಿಯ ತವರಿನಿಂದ ಲಕ್ಷ್ಮೇಶ್ವರಕ್ಕೆ ಹೊರಟವಳ ಕಾರ್ಡು ಅಲ್ಲಿನ ಆಶಾ ಕಾರ್ಯಕರ್ತೆಯ ಕೈಗೆ ತಲುಪಿ, ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳ ಪರೀಕ್ಷೆ ಮೊದಲಾಗಬೇಕು, ಮುಂದಿನ ಬಸುರಿನ ಆರಂಭದಲ್ಲೇ ವೈದ್ಯರು ಆಸ್ಪಿರಿನ್ ಬೇಕೇ ಎಂದು ನಿರ್ಧರಿಸುವಂತಾಗಬೇಕು.