ಒಲೆ ಹೊತ್ತಿಸದ ಅಡುಗೆಮನೆಯಿಂದ

ಕರಾವಳಿಯ ಒಂದು ಪ್ರಕೃತಿ ಚಿಕಿತ್ಸಾ ಕೇಂದ್ರದಲ್ಲಿ ಪಥ್ಯದ ಅಡುಗೆಮನೆ ನೋಡಿಕೊಳ್ಳುವುದು ನನ್ನ ಕೆಲಸ. ಬರುವವರಲ್ಲಿ ಅನೇಕರಿಗೆ ವೈದ್ಯರು ಒಂದಿಷ್ಟು ದಿನ ಹಸಿ ಆಹಾರವನ್ನೇ ಬರೆದುಕೊಡುತ್ತಾರೆ. ಹಣ್ಣು, ತರಕಾರಿ, ಮೊಳಕೆಕಾಳು, ತೆಂಗಿನಕಾಯಿ, ನೆನೆಸಿದ ಬೀಜಗಳು. ಹಾಲು ಮೊಸರಿಲ್ಲ, ಒಲೆಯ ಮೇಲೆ ಇಟ್ಟದ್ದು ಯಾವುದೂ ಇಲ್ಲ. ವಾರ ಕಳೆಯುವಷ್ಟರಲ್ಲಿ ಬಹಳ ಜನರ ಮುಖ ತಿಳಿಯಾಗಿರುತ್ತದೆ, ನಿದ್ದೆ ಹತ್ತುತ್ತಿರುತ್ತದೆ. ಕೆಲವರಂತೂ ಮನೆಗೆ ಹೋದ ಮೇಲೂ ಇದನ್ನೇ ಮುಂದುವರಿಸುತ್ತೇವೆಂದು ಹಟ ಹಿಡಿಯುತ್ತಾರೆ. ಅಂಥವರಿಗೆ ಹೊರಡುವ ಮುಂಚೆ ಹೇಳಿ ಕಳಿಸುವ ಮಾತುಗಳನ್ನು ಇಲ್ಲಿ ಬರೆದಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ದಿನಕ್ಕೊಂದು ಹೊತ್ತು ಹಸಿ ಊಟ ಹೆಚ್ಚಿನವರಿಗೆ ಒಗ್ಗುತ್ತದೆ, ವರ್ಷಗಟ್ಟಲೆ ಮೂರು ಹೊತ್ತೂ ಹಸಿ ಎಂದರೆ ಹೆಚ್ಚಿನವರಿಗೆ ಒಗ್ಗುವುದಿಲ್ಲ.

1. ಎರಡನೇ ದಿನದ ತಲೆನೋವು ಕಾಫಿಯದು

ಬಂದ ಮರುದಿನ ಮಧ್ಯಾಹ್ನದ ಹೊತ್ತಿಗೆ ಹಣೆ ಒತ್ತಿಕೊಳ್ಳುತ್ತ ಅಡುಗೆಮನೆ ಬಾಗಿಲಿಗೆ ಬರುವವರು ಇದ್ದೇ ಇರುತ್ತಾರೆ. ‘ದೇಹದಲ್ಲಿರೋ ವಿಷ ಎಲ್ಲ ಹೊರಗೆ ಬರ್ತಾ ಇದೆ ಅನ್ಸುತ್ತೆ, ಅಲ್ವಾ ಮೇಡಂ?’ ಎನ್ನುವಾಗ ದನಿಯಲ್ಲಿ ನೋವಿಗಿಂತ ಹೆಮ್ಮೆಯೇ ಹೆಚ್ಚು. ದಿನಕ್ಕೆ ಎಷ್ಟು ಲೋಟ ಕಾಫಿ ಎಂದು ಕೇಳುತ್ತೇನೆ. ನಾಲ್ಕೋ ಐದೋ ಎಂಬ ಉತ್ತರ ಬರುತ್ತದೆ. ಕೆಫೀನ್ ಏಕಾಏಕಿ ನಿಂತರೆ 12ರಿಂದ 24 ಗಂಟೆಯೊಳಗೆ ತಲೆ ಸಿಡಿಯಲು ಶುರುವಾಗುತ್ತದೆ, ಒಂದೆರಡು ದಿನ ಜೋರಾಗಿದ್ದು ವಾರದೊಳಗೆ ಇಳಿಯುತ್ತದೆ. ಸಿಡುಕು, ಮಂಕು, ಕಾರಣವಿಲ್ಲದೆ ಯಾರ ಮೇಲಾದರೂ ರೇಗಬೇಕೆನ್ನಿಸುವುದು, ಎಲ್ಲ ಅದರದೇ ಪರಿವಾರ. ಬೇಡದ್ದನ್ನು ಹೊರಹಾಕುವ ಕೆಲಸವನ್ನು ಯಕೃತ್ತು, ಮೂತ್ರಪಿಂಡಗಳು ನಾವು ಬಜ್ಜಿ ತಿಂದ ದಿನವೂ ಮಾಡುತ್ತವೆ, ಸೌತೆಕಾಯಿ ತಿಂದ ದಿನವೂ ಮಾಡುತ್ತವೆ. ಮನೆಯಲ್ಲಿ ಮಾಡುವವರು ಒಂದು ವಾರ ಮುಂಚಿನಿಂದಲೇ ಕಾಫಿಯನ್ನು ಲೋಟ ಲೋಟವಾಗಿ ಇಳಿಸಿಕೊಂಡು ಬಂದರೆ ಈ ಗೋಳಿರುವುದಿಲ್ಲ.

ತೂಕದ ಕಥೆಯೂ ಹೆಚ್ಚುಕಡಿಮೆ ಇದೇ. ಮೊದಲ ವಾರ ಎರಡು ಕಿಲೊ ಇಳಿದದ್ದನ್ನು ಫೋನಿನಲ್ಲಿ ಊರಿಗೆಲ್ಲ ಹೇಳುತ್ತಾರೆ. ಅನ್ನ, ರೊಟ್ಟಿ ತಪ್ಪಿದಾಗ ದೇಹ ಕೂಡಿಟ್ಟ ಗ್ಲೈಕೊಜೆನ್ ಕರಗುತ್ತದೆ, ಅದರ ಪ್ರತಿ ಗ್ರಾಮಿನೊಂದಿಗೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಇಳಿದದ್ದರಲ್ಲಿ ದೊಡ್ಡ ಪಾಲು ಅದೇ. ಊರಿಗೆ ಹೋಗಿ ಎರಡು ದಿನ ಹೊಟ್ಟೆ ತುಂಬ ಅನ್ನ ಉಂಡರೆ ವಾಪಸ್ ಬರುತ್ತದೆ.

2. ಹೊಟ್ಟೆ ತುಂಬುವುದು ಬೇರೆ, ಊಟ ಸಾಲುವುದು ಬೇರೆ

100 ಗ್ರಾಂ ಸೌತೆಕಾಯಿಯಲ್ಲಿರುವುದು ಸುಮಾರು 15 ಕ್ಯಾಲೊರಿ. ದಿನಕ್ಕೆ 1,500 ಕ್ಯಾಲೊರಿ ಬೇಕಾದ ಒಬ್ಬ ಹೆಂಗಸು ಬರೀ ಸೌತೆಕಾಯಿಯಿಂದ ಅದನ್ನು ತುಂಬಿಸಿಕೊಳ್ಳಹೊರಟರೆ ಹತ್ತು ಕಿಲೊ ತಿನ್ನಬೇಕು. ಕ್ಯಾರೆಟ್ಟಿನಲ್ಲಿ 40ರ ಆಸುಪಾಸು, ಬಾಳೆಹಣ್ಣಿನಲ್ಲಿ 90. ಹಸಿ ತೆಂಗಿನಕಾಯಿಗೆ ಬಂದರೆ 350, ಶೇಂಗಾಕ್ಕೆ 550ರ ಮೇಲೆ. ಹಸಿ ಊಟ ಮಾಡಿ ಸೊರಗಿದವರ ತಟ್ಟೆ ನೋಡಿದರೆ ಸಾಮಾನ್ಯವಾಗಿ ಬರೀ ನೀರಿನ ತರಕಾರಿಯೇ ಇರುತ್ತದೆ. ಕೊಬ್ಬಿಗೆ ಹೆದರಿ ಕಾಯಿ, ಎಳ್ಳು, ಶೇಂಗಾ ಬಿಟ್ಟಿರುತ್ತಾರೆ. ಸ್ವಲ್ಪ ಕೊಬ್ಬಿಲ್ಲದಿದ್ದರೆ ಕ್ಯಾರೆಟ್ಟಿನ ಬೀಟಾ ಕ್ಯಾರೋಟಿನ್ ಕೂಡ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕೋಸಂಬರಿಗೆ ಕಾಯಿತುರಿ ಉದುರಿಸುವುದು ಬರೀ ರುಚಿಗಲ್ಲ.

3. ಹಸಿ ಊಟವನ್ನು ಮಾಲಿನಲ್ಲಿ ಹುಡುಕಬೇಡಿ

ಲೆಟಿಸ್, ಜುಕಿನಿ, ಆವಕಾಡೊ, ಚಿಯಾ. ಮನೆಗೆ ಹೋದವರು ಕಳಿಸುವ ಫೋಟೊಗಳಲ್ಲಿ ಇವೇ ಇರುತ್ತವೆ. ತಿಂಗಳ ಕೊನೆಗೆ ಬಿಲ್ಲು ನೋಡಿ ಬಿಡುತ್ತಾರೆ.

ವಿಜಯಪುರದ ಕಡೆಯ ರೈತರೊಬ್ಬರು ಸಕ್ಕರೆ ಕಾಯಿಲೆಗೆಂದು ಬಂದಿದ್ದರು. ಮೊದಲ ದಿನ ಲೆಟಿಸ್ ಬಟ್ಟಲು ಮುಂದಿಟ್ಟಾಗ ಬೆರಳಿನಿಂದ ಎಲೆ ಎತ್ತಿ ನೋಡಿ, ‘ಅಕ್ಕಾರ, ಎಮ್ಮಿಗೆ ಹಾಕೂ ಮೇವ ಇದ್ದಂಗೈತಿ ಇದು’ ಎಂದರು. ಎರಡು ದಿನ ಬಿಟ್ಟು ಅವರೇ ಅಡುಗೆಮನೆಯೊಳಗೆ ಬಂದು ಕೂತರು. ‘ನಮ್ಮ ಕಡೆ ಹಕ್ಕರಿಕಿ ಅಂತ ಬರ್ತೈತ್ರಿ. ಛಳಿಗಾಲದಾಗ ಹೊಲದಾಗ ತಾನ ಬೆಳೀತೈತಿ. ತೊಳದು ಹಂಗ ತಿಂತೀವಿ, ರೊಟ್ಟಿ ಜೋಡಿ.’ ಆಮೇಲೆ ಅವರ ಕೈಯಲ್ಲೇ ಪಚಡಿ ಮಾಡಿಸಿದೆ. ಹಕ್ಕರಿಕೆ ನಮ್ಮಲ್ಲಿಲ್ಲ, ಮೆಂತ್ಯಸೊಪ್ಪು ತಂದೆವು. ಎಲೆ ಬಿಡಿಸಿ, ಎಷ್ಟು ಸಣ್ಣಗೆ ಹೆಚ್ಚಿದರೆಂದರೆ ಮೆಂತ್ಯದ ಕಹಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಉಳ್ಳಾಗಡ್ಡಿ, ಸೌತೆ, ಎಳೆ ಮೂಲಂಗಿ, ಕುಟ್ಟಿದ ಶೇಂಗಾ, ಮೇಲೊಂದು ಸುತ್ತು ಹಸಿ ಎಣ್ಣೆ, ಲಿಂಬೆ. ಉಪ್ಪನ್ನು ಮಾತ್ರ ಬಡಿಸುವ ಹೊತ್ತಿಗೆ ಹಾಕಿದರು, ಮೊದಲೇ ಹಾಕಿದರೆ ನೀರೊಡೆಯುತ್ತದೆಂದು. ಆ ದಿನದಿಂದ ನಮ್ಮ ಊಟದ ಪಟ್ಟಿಯಲ್ಲಿ ಪಚಡಿ ಕಾಯಂ ಆಯಿತು, ಲೆಟಿಸ್ ಹೊರಗೆ ಹೋಯಿತು.

ದಕ್ಷಿಣದವರ ಕೋಸಂಬರಿ, ಮಲೆನಾಡಿನ ಒಂದೆಲಗದ ತಂಬುಳಿ, ನಮ್ಮ ಕರಾವಳಿಯ ಬಾಳೆಹಣ್ಣಿನ ರಸಾಯನ, ಎಲ್ಲವೂ ಒಲೆಗೆ ಹೋಗದವೇ. ತಂಬುಳಿಯ ಮಜ್ಜಿಗೆ ಬದಲು ತೆಂಗಿನಹಾಲು ಹಾಕಿ, ಒಗ್ಗರಣೆ ಬಿಟ್ಟರಾಯಿತು. ಬಾಳೆದಿಂಡಿನ ಕೋಸಂಬರಿ ಮಾಡುವುದಾದರೆ ಬಿಲ್ಲೆ ಕೊಯ್ಯುವಾಗ ಎಳೆಯುವ ನಾರನ್ನು ಪ್ರತಿ ಬಿಲ್ಲೆಗೂ ತೋರುಬೆರಳಿಗೆ ಸುತ್ತಿಕೊಳ್ಳುತ್ತ ಹೋಗಿ. ಕೊನೆಗೆ ಬೆರಳಿಗೊಂದು ಬಿಳಿ ಉಂಗುರವಾಗಿರುತ್ತದೆ. ಹೆಚ್ಚಿದ್ದನ್ನು ಕೂಡಲೇ ಲಿಂಬೆ ಹಿಂಡಿದ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ. ಜ್ಯೂರಿಕ್‌ನ ವೈದ್ಯ ಮ್ಯಾಕ್ಸ್ ಬಿರ್ಷರ್-ಬೆನ್ನರ್ ತುರಿದ ಸೇಬಿಗೆ ನೆನೆಸಿದ ಓಟ್ಸ್ ಬೆರೆಸಿ ರೋಗಿಗಳಿಗೆ ಕೊಡುತ್ತಿದ್ದದ್ದು ಇಂದು ಮ್ಯೂಸ್ಲಿ ಎಂಬ ಹೆಸರಿನಲ್ಲಿ ಡಬ್ಬಿಯಲ್ಲಿ ಬರುತ್ತದೆ. ಅವರೂ ತಮ್ಮೂರಲ್ಲಿ ಸಿಕ್ಕಿದ ಹಣ್ಣನ್ನೇ ತುರಿದದ್ದು.

4. ತುರಿಯುವವರು ಯಾರು?

ಗಂಡಸರಿಗೆ ಇದನ್ನು ನೇರವಾಗಿಯೇ ಕೇಳುತ್ತೇನೆ. ಅಡುಗೆ ಇಲ್ಲವೆಂದರೆ ಕೆಲಸ ಇಲ್ಲವೆಂದು ಅವರ ಲೆಕ್ಕ. ತೊಳೆಯುವುದು, ಸೊಪ್ಪು ಬಿಡಿಸುವುದು, ಸಿಪ್ಪೆ ಹೆರೆಯುವುದು, ತುರಿಯುವುದು, ಕಾಳು ನೆನೆಸಿ ಕಟ್ಟಿಡುವುದು, ಕಾಯಿಹಾಲು ಹಿಂಡುವುದು. ಇದರಲ್ಲಿ ಬೆಳಿಗ್ಗೆಯೇ ಮಾಡಿ ಮುಚ್ಚಿಟ್ಟು ಸಂಜೆಗೆ ಬಡಿಸುವಂಥದ್ದು ಹೆಚ್ಚೇನೂ ಇಲ್ಲ, ಪ್ರತಿ ಹೊತ್ತೂ ಹೊಸದಾಗಿ ಆಗಬೇಕು. ಉಳಿದವರಿಗೆ ಸಾರು ಅನ್ನ ಪಲ್ಯ ಹೇಗೂ ತಪ್ಪಿದ್ದಲ್ಲ. ಯಜಮಾನರು ಹೊಸ ಮನುಷ್ಯರಾಗುವ ಭರದಲ್ಲಿ ಮನೆಯಾಕೆ ಎರಡು ಅಡುಗೆಮನೆ ನಡೆಸುತ್ತಿರುತ್ತಾರೆ. ಒಬ್ಬ ಅಮ್ಮ ನನಗೇ ಫೋನ್ ಮಾಡಿ, ‘ನೀವು ಇವರನ್ನ ಅಲ್ಲೇ ಇಟ್ಕೊಳ್ಳಿ ತಾಯಿ’ ಎಂದಿದ್ದರು. ಈಗ ಹೊರಡುವ ಮುಂಚೆ ಎಲ್ಲರ ಕೈಗೂ ಈಳಿಗೆಮಣೆಯನ್ನೋ ಚಾಕುವನ್ನೋ ಕೊಟ್ಟು ಒಂದು ಹೊತ್ತಿನ ಊಟ ಮಾಡಿಸುತ್ತೇವೆ.

5. ಎಲ್ಲವೂ ಹಸಿಯಾಗಿ ತಿನ್ನುವಂಥದ್ದಲ್ಲ

ಪ್ರಕೃತಿ ಕೊಟ್ಟದ್ದೆಲ್ಲ ಒಳ್ಳೆಯದೇ ಎಂದು ನಂಬುವವರಿಗೆ ಹಸಿ ಕೆಸುವಿನೆಲೆಯ ತುರಿಕೆ ನೆನಪಿಸಿದರೆ ಸಾಕು. ರಾಜ್ಮಾ ಕಾಳನ್ನು ಮೊಳಕೆ ಬರಿಸಿ ಹಸಿಯಾಗಿ ತಿಂದರೆ ವಾಂತಿ ಭೇದಿ ಖಂಡಿತ. ನೆನೆಸಿ, ಕುದಿಸಿ, ಪೂರ್ತಿ ಬೇಯಿಸಿದಾಗಲೇ ಅದರಲ್ಲಿರುವ ಲೆಕ್ಟಿನ್ ಎಂಬ ವಿಷ ನಾಶವಾಗುವುದು. ಮರಗೆಣಸನ್ನು ಹಸಿಯಾಗಿ ಮುಟ್ಟಲೇಬೇಡಿ, ಅದರಲ್ಲಿ ಸಯನೈಡ್ ಹುಟ್ಟುತ್ತದೆ. ಥೈರಾಯ್ಡ್ ತೊಂದರೆ ಇರುವವರು ಕೋಸಿನ ರಾಶಿಯನ್ನು ದಿನಾ ಹಸಿ ತಿನ್ನುವುದು ಬೇಡ. ಪಾಲಕ್ ರಸವನ್ನು ಲೋಟಗಟ್ಟಲೆ ಕುಡಿದರೆ ಆಕ್ಸಲೇಟ್ ಕಲ್ಲಾಗಿ ಕೂರಬಹುದು.

ಸೋರೆಕಾಯಿ ರಸದ ಬಗ್ಗೆ ಮಾತ್ರ ದನಿ ಎತ್ತಿ ಹೇಳುತ್ತೇನೆ. ಕಹಿ ಸೋರೆಕಾಯಿಯ ರಸ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದಕ್ಕಾಗಿ ಸಮಿತಿಯನ್ನೇ ಮಾಡಿ ಎಚ್ಚರಿಕೆ ಕೊಟ್ಟಿದೆ. ಕುಕುರ್ಬಿಟಾಸಿನ್ ಎಂಬ ಆ ಕಹಿ ಬೇಯಿಸಿದರೂ ಹೋಗುವುದಿಲ್ಲ. ತುದಿಯದೊಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಉಗಿದು, ಕಾಯಿ ಎಸೆಯಿರಿ. ‘ಕಹಿ ಒಳ್ಳೇದು, ಸಕ್ಕರೆ ಕಾಯಿಲೆಗೆ’ ಎಂದು ಮೂಗು ಹಿಡಿದು ಕುಡಿಯುವವರೇ ಇದಕ್ಕೆ ಬಲಿಯಾಗುವುದು.

6. ತೊಳೆಯುವುದೇ ಅರ್ಧ ಅಡುಗೆ

ಕೊಳಚೆ ನೀರು ಕುಡಿದು ಬೆಳೆದ ಸೊಪ್ಪಿನಲ್ಲಿ ಲಾಡಿಹುಳುವಿನ ಮೊಟ್ಟೆ ಇರಬಹುದು. ಅದು ಮೆದುಳು ಸೇರಿ ಮೂರ್ಛೆ ರೋಗ ಬರಿಸುವುದು ಮಾಂಸ ಮುಟ್ಟದವರಲ್ಲೂ ಉಂಟು. ಎಲೆ ಎಲೆಯನ್ನೂ ಹರಿಯುವ ನೀರಿನಲ್ಲಿ ತೊಳೆಯಬೇಕು. ಎಲ್ಲಿ ಬೆಳೆದದ್ದೆಂದು ಗೊತ್ತಿಲ್ಲದ ಸೊಪ್ಪಾದರೆ ಬೇಯಿಸಿಯೇ ತಿನ್ನಿ, ವ್ರತಭಂಗವೇನೂ ಆಗುವುದಿಲ್ಲ.

ಮೊಳಕೆಕಾಳು ಅಷ್ಟೇ ಸೂಕ್ಷ್ಮ. ಕಾಳಿಗೆ ಬೇಕಾದ ಬೆಚ್ಚಗಿನ ಒದ್ದೆಯೇ ಬ್ಯಾಕ್ಟೀರಿಯಾಕ್ಕೂ ಬೇಕು. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಸೋಂಕು ಹರಡಿ 50ಕ್ಕೂ ಹೆಚ್ಚು ಜನ ತೀರಿಕೊಂಡರು. ಹುಡುಕುತ್ತ ಹೋದಾಗ ಮೂಲ ಸಿಕ್ಕಿದ್ದು ಮೊಳಕೆ ಬರಿಸಿದ ಮೆಂತ್ಯದಲ್ಲಿ. ನಮ್ಮಲ್ಲಿ ಹೆಸರುಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಕುದಿಸಿ ಒಣಗಿಸಿದ ಬಟ್ಟೆಯಲ್ಲಿ ಕಟ್ಟುತ್ತೇವೆ. ಬೇಸಿಗೆಯಲ್ಲಿ ಸಂಜೆಗೇ ಮೂತಿ ಹೊರಟಿರುತ್ತದೆ. ಮುಟ್ಟಿದರೆ ಲೋಳೆ, ಮೂಸಿದರೆ ಹುಳಿ ಎನ್ನಿಸಿದರೆ ಪೂರ್ತಿ ಗೊಬ್ಬರದ ಗುಂಡಿಗೆ. ವಾಸನೆ ಇಲ್ಲವೆಂದ ಮಾತ್ರಕ್ಕೆ ನಿರ್ಭಯವೆಂದೂ ಅಲ್ಲ, ಹಾಗಾಗಿ ಬಸುರಿಯರಿಗೆ, ವಯಸ್ಸಾದವರಿಗೆ, ಮಕ್ಕಳಿಗೆ ಮೊಳಕೆಯನ್ನು ಹಬೆಯಲ್ಲಿ ಬೇಯಿಸಿಯೇ ಕೊಡುವುದು.

7. ಗಾಂಧೀಜಿಯೂ ಬಿಟ್ಟರು

ಜೀವಮಾನವಿಡೀ ಹಸಿ ಎನ್ನುವವರು ಗಾಂಧೀಜಿಯ ಹೆಸರು ತಂದೇ ತರುತ್ತಾರೆ. 1893ರಲ್ಲಿ ಪ್ರಿಟೋರಿಯಾದಲ್ಲಿದ್ದಾಗ ಅವರು ಬೇಯಿಸದ ಆಹಾರದ ಪ್ರಯೋಗ ಮಾಡಿ, ನಿಶ್ಶಕ್ತಿಯಾಗಿ ನಿಲ್ಲಿಸಿದರು. 1929ರಲ್ಲಿ ಸಂಗಾತಿಗಳನ್ನೂ ಸೇರಿಸಿಕೊಂಡು ಮತ್ತೆ ಹಿಡಿದರು, ‘ಯಂಗ್ ಇಂಡಿಯಾ’ದಲ್ಲಿ ಅದರ ಬಗ್ಗೆ ಬರೆದರು. ಆಮಶಂಕೆಯಾಗಿ ಅದೂ ನಿಂತಿತು. ಹಟಕ್ಕೆ ಹೆಸರಾದ ಮನುಷ್ಯ. ಆದರೂ ಹೊಟ್ಟೆ ಹೇಳಿದ್ದನ್ನು ಕೇಳಿದರು.

ಜರ್ಮನಿಯ ಗೀಸನ್ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಹಸಿ ಊಟದಲ್ಲೇ ಇದ್ದವರನ್ನು ಪರೀಕ್ಷಿಸಿ ನೋಡಿದ್ದಾರೆ. ಕೆಟ್ಟ ಕೊಲೆಸ್ಟರಾಲ್ ಚೆನ್ನಾಗಿಯೇ ಇಳಿದಿತ್ತು. ಆದರೆ 45 ವರ್ಷದೊಳಗಿನ ಹೆಂಗಸರಲ್ಲಿ ಸುಮಾರು ಶೇಕಡಾ 30 ಮಂದಿಗೆ ಮುಟ್ಟು ಏರುಪೇರಾಗಿತ್ತು ಅಥವಾ ನಿಂತೇ ಹೋಗಿತ್ತು. 2005ರಲ್ಲಿ ಬಂದ ಅವರ ಇನ್ನೊಂದು ವರದಿಯಲ್ಲಿ ಶೇಕಡಾ 38 ಜನರಿಗೆ ಬಿ12 ಕೊರತೆ. ಬಿ12 ಸಸ್ಯಗಳಲ್ಲಿ ಇಲ್ಲ. ಸ್ಪಿರುಲಿನಾದಲ್ಲಿ ಇದೆಯೆಂದು ಮಾರುವುದು ಮನುಷ್ಯನ ಮೈಗೆ ಕೆಲಸಕ್ಕೆ ಬಾರದ ರೂಪ. ಕಾಲು ಜೋಮು ಹಿಡಿಯುವುದು, ಮರೆವು, ಖಿನ್ನತೆ, ಇವೆಲ್ಲ ಅದರ ಕೊರತೆಯಿಂದ ಬರಬಹುದು. ನೆಮ್ಮದಿ ಹುಡುಕಿಕೊಂಡು ಹೋದವರಿಗೆ ಖಿನ್ನತೆ ಗಂಟು ಬೀಳಬಾರದೆಂದರೆ ಗುಳಿಗೆ ತೆಗೆದುಕೊಳ್ಳಲೇಬೇಕು. ಅದು ಪ್ರಕೃತಿಗೆ ವಿರುದ್ಧ ಎಂದು ಮೂಗು ಮುರಿಯುವವರೊಂದಿಗೆ ನಾನು ವಾದಕ್ಕೆ ಇಳಿಯುವುದಿಲ್ಲ, ರಕ್ತ ಪರೀಕ್ಷೆಯ ಚೀಟಿ ಬರೆಸಿಕೊಡುತ್ತೇನೆ.

8. ಮನಸ್ಸು ಹಗುರಾದದ್ದಕ್ಕೆ ಪೂರ್ತಿ ಶ್ರೇಯ ಕ್ಯಾರೆಟ್ಟಿಗೆ ಕೊಡಬೇಡಿ

ಕೇಂದ್ರದಲ್ಲಿ ಊಟ ಮಾತ್ರ ಬದಲಾಗುವುದಿಲ್ಲ. ಸಂಜೆ ಆರೂವರೆಗೆ ಕೊನೆಯ ಊಟ, ಒಂಬತ್ತಕ್ಕೆ ದೀಪ ಆರುತ್ತದೆ. ಮೇಜಿನ ಮೇಲೆ ಫೋನಿಲ್ಲ. ಬೆಳಿಗ್ಗೆ ನಡಿಗೆ. ಸೊಸೆಯೊಂದಿಗೆ ಜಗಳವಿಲ್ಲ, ಕಚೇರಿಯ ಮೇಲ್ ಇಲ್ಲ, ಮದ್ಯವಂತೂ ಇಲ್ಲವೇ ಇಲ್ಲ. ಹಸಿ ಪದಾರ್ಥ ಅಗಿಯಲು ಹೊತ್ತು ಹಿಡಿಯುವುದರಿಂದ ಹತ್ತು ನಿಮಿಷದ ಊಟ ಅರ್ಧ ಗಂಟೆಯಾಗುತ್ತದೆ. ಆ ಅರ್ಧ ಗಂಟೆ ಎದುರಿಗೆ ಕೂತವರೊಂದಿಗೆ ಮಾತಾಡದೆ ವಿಧಿಯಿಲ್ಲ. ನನ್ನನ್ನು ಕೇಳಿದರೆ ಅರ್ಧ ಚಿಕಿತ್ಸೆ ಅಲ್ಲೇ ಆಗುತ್ತದೆ.

ನ್ಯೂಜಿಲೆಂಡ್ ಮತ್ತು ಅಮೆರಿಕದ 18ರಿಂದ 25 ವರ್ಷದ 400ಕ್ಕೂ ಹೆಚ್ಚು ಯುವಜನರ ಮೇಲೆ ನಡೆದ 2018ರ ಅಧ್ಯಯನವೊಂದು ಹಣ್ಣು ತರಕಾರಿ ಹಸಿಯಾಗಿ ಹೆಚ್ಚು ತಿನ್ನುವವರ ಮನಸ್ಥಿತಿ ಚೆನ್ನಾಗಿತ್ತೆಂದು ಹೇಳಿದೆ. ಬಾಳೆಹಣ್ಣು, ಕ್ಯಾರೆಟ್, ಸೌತೆ, ಸೇಬು ಎಲ್ಲ ಅದರ ಪಟ್ಟಿಯಲ್ಲಿದ್ದವು. ತಿಂದದ್ದರಿಂದ ಮನಸ್ಸು ಸರಿಹೋಯಿತೋ, ಮನಸ್ಸು ಸರಿಯಿದ್ದವರು ಹಣ್ಣು ತಿಂದರೋ, ಅಂಥ ಅಧ್ಯಯನದಿಂದ ತೀರ್ಮಾನವಾಗುವುದಿಲ್ಲ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಹಗುರಾಯಿತೆಂದು ಅದನ್ನು ತಾವಾಗಿಯೇ ನಿಲ್ಲಿಸುವುದು ಬೇಡ. ಮನೆಯವರೆಲ್ಲ ಒಟ್ಟಿಗೆ ಬಿಸಿ ಮುದ್ದೆ ಉಣ್ಣುವಾಗ ತಾನೊಬ್ಬ ಮೂಲೆಯಲ್ಲಿ ಬಟ್ಟಲು ಹಿಡಿದು ಕೂರುವುದೂ ಮನಸ್ಸಿಗೆ ಒಳ್ಳೆಯದಲ್ಲ. ಅವರ ಜೊತೆಗೇ ಕೂತು, ಮೊದಲು ಕೋಸಂಬರಿ, ಆಮೇಲೆ ಅರ್ಧ ಮುದ್ದೆ.

9. ಮಾತ್ರೆ ಇರುವವರು ವೈದ್ಯರಿಗೆ ಹೇಳದೆ ಶುರು ಮಾಡಬಾರದು

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ಹಾಗೇ ಇಟ್ಟುಕೊಂಡು ಅನ್ನ ಬಿಟ್ಟರೆ ಸಕ್ಕರೆ ತೀರಾ ಇಳಿದು ತಲೆಸುತ್ತಿ ಬೀಳಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಒಮ್ಮೆಲೇ ಸೊಪ್ಪು ಹೆಚ್ಚಿಸಿದರೆ ಅದರಲ್ಲಿರುವ ಕೆ ಜೀವಸತ್ವ ಮಾತ್ರೆಯ ಕೆಲಸ ಕೆಡಿಸುತ್ತದೆ. ಮೂತ್ರಪಿಂಡ ಸೋತವರಿಗೆ ಎಳನೀರು, ಬಾಳೆಹಣ್ಣಿನ ಪೊಟ್ಯಾಸಿಯಂ ಪ್ರಾಣಕ್ಕೇ ಕುತ್ತು ತರಬಹುದು.

10. ಮಳೆಗಾಲದಲ್ಲಿ ಒಲೆ ಹೊತ್ತಿಸಿ

ಚಾತುರ್ಮಾಸ್ಯದ ಮೊದಲ ತಿಂಗಳು ಮಾಧ್ವರ ಮನೆಗಳಲ್ಲಿ ಶಾಕವ್ರತ, ಸೊಪ್ಪು ತರಕಾರಿ ಮುಟ್ಟುವುದಿಲ್ಲ. ಶಾಸ್ತ್ರ ಏನೇ ಇರಲಿ, ಆ ತಿಂಗಳಲ್ಲಿ ನಮ್ಮ ಕಡೆಯ ಸೊಪ್ಪಿನ ಕಟ್ಟು ಬಿಚ್ಚಿ ನೋಡಿದವರಿಗೆ ಕಾರಣ ಕೇಳಬೇಕಾಗಿಲ್ಲ: ಕೆಸರು, ಹುಳು, ಅಂಟಂಟು. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲೂ ಸೊಪ್ಪು, ಮೊಳಕೆ ಎಲ್ಲ ಹಬೆಗೆ ಹೋಗುತ್ತವೆ, ಹಸಿಯಾಗಿ ಸಿಗುವುದು ಸಿಪ್ಪೆ ಸುಲಿದು ತಿನ್ನುವ ಹಣ್ಣು, ತೆಂಗಿನಕಾಯಿ, ಸೌತೆ ಮಾತ್ರ. ಆಷಾಢದಲ್ಲಿ ಫೋನ್ ಮಾಡಿ ನಾಳೆಯಿಂದಲೇ ಶುರು ಮಾಡುತ್ತೇನೆನ್ನುವವರಿಗೆ ದೀಪಾವಳಿ ಕಳೆಯಲಿ ಎನ್ನುತ್ತೇನೆ. ಅಷ್ಟು ಹೊತ್ತಿಗೆ ಮೂಲಂಗಿ, ಮೆಂತ್ಯಸೊಪ್ಪು ಎಳೆಯದು ಬರುತ್ತದೆ, ಬೆಲೆಯೂ ಇಳಿದಿರುತ್ತದೆ.