ಕೊಡುವುದರಲ್ಲಿ ಸುಖವುಂಟೆ?

ಹುಬ್ಬಳ್ಳಿ-ಧಾರವಾಡಗಳ ನಡುವಿನ ಅಮರಗೋಳದಲ್ಲಿ ಬನಶಂಕರಿಯ ಪ್ರಾಚೀನ ದೇವಾಲಯವಿದೆ. ಕೃಷಿ ಉತ್ಪನ್ನ ಮಾರುಕಟ್ಟೆಯ ವಿಶಾಲವಾದ ಪ್ರಾಂಗಣವೂ ಇದೆ. ಆ ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿಯ ದರಕ್ಕಾಗಿ ಒಂದೊಂದು ರೂಪಾಯಿಗೂ ವಾದಿಸಿದ ರೈತನೊಬ್ಬನು ಮರುಗಳಿಗೆಯಲ್ಲಿಯೇ ಹಮಾಲನ ಮಗುವಿನ ಕೈಗೆ ಶೇಂಗಾ ತುಂಬಿದುದನ್ನು ನಾನು ಕಂಡೆ. ಇವೆರಡರಲ್ಲಿ ಅವನಿಗೆ ಹೆಚ್ಚು ಸುಖವನ್ನಿತ್ತುದು ಯಾವುದು? ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದಾಗ ಬಹುಪಾಲು ವಿದ್ಯಾರ್ಥಿಗಳು “ದರವೇ” ಎಂದರು. “ಶೇಂಗಾ ಕೊಟ್ಟದ್ದು ತೋರಿಕೆಗೆ, ಸರ್” ಎಂದವನೂ ಒಬ್ಬನಿದ್ದನು.

ಈ ಸಂಶಯವನ್ನು ಪ್ರಯೋಗಕ್ಕೆ ಒಳಪಡಿಸಿದವರುಂಟು. ಎಲಿಜಬೆತ್ ಡನ್, ಲಾರಾ ಆಕ್ನಿನ್, ಮೈಕೇಲ್ ನಾರ್ಟನ್ ಎಂಬವರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಹೀಗಿದೆ. ಕೆನಡಾ ದೇಶದಲ್ಲಿ 46 ಜನರಿಗೆ ಬೆಳಿಗ್ಗೆ ಒಂದೊಂದು ಲಕೋಟೆಯನ್ನು ಕೊಟ್ಟರು. ಕೆಲವರ ಲಕೋಟೆಯಲ್ಲಿ 5 ಡಾಲರು, ಕೆಲವರದರಲ್ಲಿ 20 ಡಾಲರು. ಸಂಜೆ 5 ಗಂಟೆಯೊಳಗೆ ಆ ಹಣವನ್ನು ಕೆಲವರು ತಮಗಾಗಿಯೂ ಉಳಿದವರು ಪರರಿಗಾಗಿಯೂ ವೆಚ್ಚ ಮಾಡಬೇಕು. ಯಾರು ಯಾವ ಗುಂಪಿಗೆ ಸೇರಬೇಕೆಂಬುದನ್ನು ಯದೃಚ್ಛೆಯಿಂದ ನಿರ್ಧರಿಸಿದ್ದರು. ಸಂಜೆ ವಿಚಾರಿಸಲಾಗಿ ಪರರಿಗಾಗಿ ವೆಚ್ಚ ಮಾಡಿದವರೇ ಹೆಚ್ಚು ಸಂತುಷ್ಟರಾಗಿದ್ದರು. ಹಣದ ಮೊತ್ತದಿಂದ ವ್ಯತ್ಯಾಸವೇನೂ ಆಗಿರಲಿಲ್ಲ. ಇದಕ್ಕಿಂತಲೂ ಕುತೂಹಲಕರವಾದ ಸಂಗತಿಯೊಂದಿದೆ. ಫಲಿತಾಂಶವನ್ನು ಊಹಿಸಿರೆಂದು ಬೇರೆ 109 ಜನರನ್ನು ಕೇಳಿದಾಗ, ತಮಗಾಗಿ ವೆಚ್ಚ ಮಾಡಿದವರೇ ಹೆಚ್ಚು ಸುಖಿಗಳೆಂದೂ 5ಕ್ಕಿಂತ 20 ಡಾಲರು ಮೇಲೆಂದೂ ಅವರಲ್ಲಿ ಹೆಚ್ಚಿನವರು ನುಡಿದರು. ಎರಡೂ ಊಹೆಗಳು ತಪ್ಪಾದವು.

ಊಹೆ ಹೀಗೇಕೆ ತಪ್ಪುತ್ತದೆ? ಭೌತಶಾಸ್ತ್ರದಲ್ಲಿಯೂ ಇಂತಹ ತಪ್ಪುಗಳಿಗೆ ಕೊರತೆಯಿಲ್ಲ. ತಳ್ಳುವುದನ್ನು ನಿಲ್ಲಿಸಿದರೆ ಬಂಡಿ ನಿಲ್ಲುತ್ತದೆ. ಆದುದರಿಂದ ಚಲನೆಗೆ ಬಲ ಸದಾ ಬೇಕೆಂದು ಜನ ಶತಮಾನಗಳ ಕಾಲ ನಂಬಿದ್ದರು. ಬಂಡಿ ಕಣ್ಣಿಗೆ ಬೀಳುತ್ತದೆ, ಘರ್ಷಣೆ ಬೀಳುವುದಿಲ್ಲ. ಕೊಡುವಾಗಲೂ ಜೇಬಿನಿಂದ ಹೋದ ಹಣ ಎಣಿಕೆಗೆ ಸಿಕ್ಕುತ್ತದೆ. ಬಂದ ಸಂತೋಷಕ್ಕೆ ತಕ್ಕಡಿಯಿಲ್ಲ. ಪಡೆದವನ ಸಂತೋಷವನ್ನೂ ನಾವು ಕಡಿಮೆಯೆಂದೇ ಎಣಿಸುತ್ತೇವೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬವರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಷಿಕಾಗೋ ನಗರದ ಚಳಿಯಲ್ಲಿ ಅಪರಿಚಿತರಿಗೆ ಬಿಸಿ ಚಾಕೊಲೇಟ್ ಪಾನೀಯವನ್ನು ಕೊಡಿಸಿದವರು, ಪಡೆದವರಿಗೆ ಅದರಿಂದ ಎಷ್ಟು ಹಿತವಾದೀತೆಂಬುದನ್ನು ನಿಜಕ್ಕಿಂತ ಕಡಿಮೆಯಾಗಿಯೇ ಊಹಿಸಿದ್ದರು. ಕೊಟ್ಟವನು ಲೋಟದ ಬೆಲೆಯನ್ನು ಲೆಕ್ಕಿಸುತ್ತಾನೆ. ಪಡೆದವನಾದರೋ ಕೊಟ್ಟವನ ಆದರವನ್ನೂ ಅದರೊಡನೆ ಕುಡಿಯುತ್ತಾನೆ.

ಆದರೆ ಸಂಶಯಪಡುವವನು ಮೂಢನಲ್ಲ. ದಾನಿಗಳು ಸುಖಿಗಳಾಗಿ ಕಂಡರೆ, ಸುಖಿಗಳಾದುದರಿಂದಲೇ ಅವರು ಕೊಟ್ಟಿರಬಹುದಲ್ಲವೆ ಎಂದು ಅವನು ಕೇಳುತ್ತಾನೆ. ಈ ಆಕ್ಷೇಪಕ್ಕೆ ಉತ್ತರವಾಗಿಯೇ ಮೇಲಿನ ಪ್ರಯೋಗದಲ್ಲಿ ಗುಂಪುಗಳನ್ನು ಯದೃಚ್ಛೆಗೆ ಬಿಟ್ಟದ್ದು. 46 ಜನರ ಪ್ರಯೋಗ ಚಿಕ್ಕದಾಯಿತೆಂಬ ಆಕ್ಷೇಪವೂ ನ್ಯಾಯವಾದುದೇ. ಮೊದಲಿನ ಸಂಶೋಧಕರೂ ಸೇರಿ ನಡೆಸಿದ ದೊಡ್ಡ ಪರೀಕ್ಷೆ 2020ರಲ್ಲಿ ಪ್ರಕಟವಾಯಿತು. 712 ವಿದ್ಯಾರ್ಥಿಗಳು ನಿಜವಾಗಿ ಕೊಳ್ಳುವಾಗ, ಪರರಿಗಾಗಿ ಕೊಂಡವರಿಗೆ ಹೆಚ್ಚು ಸಂತೋಷವಾದುದು ಸ್ಥಿರಪಟ್ಟಿತು. ಆದರೆ ಹಿಂದಿನ ವೆಚ್ಚವನ್ನು ಸ್ಮರಿಸಿರೆಂದು 1,950 ಜನರನ್ನು ಕೇಳಿದಾಗ ವ್ಯತ್ಯಾಸವೇ ಕಾಣಲಿಲ್ಲ. ತುಸು ಮಾರ್ಪಡಿಸಿ 5,199 ಜನರನ್ನು ಕೇಳಿದಾಗ ಕಂಡಿತಾದರೂ ಅದು ಅಲ್ಪವಾಗಿತ್ತು. ಇದನ್ನು ಬಚ್ಚಿಡದೆ ಪ್ರಕಟಿಸಿದುದು ನನ್ನ ಮಟ್ಟಿಗೆ ಆ ಸಂಶೋಧಕರ ದೊಡ್ಡ ಗುಣ.

ಇನ್ನೊಂದು ಮಾತನ್ನು ಅನುಭವದಿಂದ ಹೇಳುತ್ತೇನೆ. ನಾನು ವಿದ್ಯಾರ್ಥಿಯಾಗಿದ್ದ ವಸತಿಗೃಹದಲ್ಲಿ ವಂತಿಗೆ ಕೊಡದವರ ಹೆಸರುಗಳನ್ನು ಗೋಡೆಗೆ ಅಂಟಿಸುತ್ತಿದ್ದರು. ನಾನು ಕೊಟ್ಟೆ, ಸಂತೋಷ ಮಾತ್ರ ಲೇಶವೂ ಆಗಲಿಲ್ಲ. ಸ್ವಂತ ಇಚ್ಛೆಯಿಂದ ನೆರವಾದಾಗಲೇ ನೆರವಾದವನಿಗೆ ಹಿತವಾಗುವುದೆಂದು ವೈನ್‌ಸ್ಟೈನ್ ಮತ್ತು ರಯನ್ ಎಂಬವರು 2010ರಲ್ಲಿ ತೋರಿಸಿದ್ದಾರೆ. ಅಂತಹ ವಂತಿಗೆಗಳನ್ನೇ ಕಂಡು ಬೆಳೆದವನು ದಾನದ ಸುಖವನ್ನು ನಂಬದಿದ್ದರೆ ಅಚ್ಚರಿಯೇನು?

ಈ ಅಳತೆಗಳಿಗೆ ಸಿಕ್ಕದ ದಾನವೂ ಉಂಟು. ತ್ಯಾಗವೀರ ಸಿರಸಂಗಿ ಲಿಂಗರಾಜರು (1861–1906) ನವಲಗುಂದ-ಸಿರಸಂಗಿ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ತಮ್ಮ ಸಮಾಜದ ಬಡ ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟುಹೋದರು. ಅದರಿಂದ ಓದಿದವರನ್ನು ಕಾಣಲು ಅವರು ಉಳಿದಿರಲಿಲ್ಲ. ಸಂಜೆ 5 ಗಂಟೆಗೆ ಪ್ರಶ್ನೆ ಕೇಳುವ ಪ್ರಯೋಗ ಇಂತಹ ದಾನದ ಬಗೆಗೆ ಏನನ್ನೂ ಹೇಳಲಾರದು.

ಚಿಕ್ಕ ದಾನವನ್ನಾದರೋ ವಾಚಕರು ತಾವೇ ಪರೀಕ್ಷಿಸಬಹುದು. 20 ರೂಪಾಯಿಯನ್ನು ತೆಗೆದಿರಿಸಿ, ನಾಣ್ಯವನ್ನು ಚಿಮ್ಮಿ, ಬಿದ್ದ ಮುಖಕ್ಕೆ ಅನುಸಾರವಾಗಿ ತಮಗಾಗಿ ಇಲ್ಲವೆ ಪರರಿಗಾಗಿ ವೆಚ್ಚ ಮಾಡಿ. ನಿಮ್ಮ ಊಹೆಯನ್ನು ಬೆಳಿಗ್ಗೆಯೇ ಬರೆದಿಡಿ. ಸಂಜೆ ನಿಮ್ಮ ಸಂತೋಷಕ್ಕೆ ಹತ್ತರಲ್ಲಿ ಅಂಕ ಕೊಡಿ. ಒಂದು ದಿನದ ಅಂಕವನ್ನು ನಂಬಬೇಡಿ. ತರಗತಿಯವರೆಲ್ಲ ಸೇರಿ ಒಂದು ತಿಂಗಳು ಮಾಡಿ, ಎರಡು ಬಗೆಯ ದಿನಗಳ ಸರಾಸರಿಗಳನ್ನು ಬೇರೆ ಬೇರೆಯಾಗಿ ತೆಗೆದು, ಆಮೇಲೆ ಊಹೆಯ ಕಾಗದವನ್ನು ಬಿಚ್ಚಿ ನೋಡಿ.