ಸೇವಾಯಾತ್ರೆಯಿಂದ ಮರಳಿದವರಿಗೆ ಸ್ವಂತ ಮನೆಯೇಕೆ ಒಗ್ಗುವುದಿಲ್ಲ?

ಪ್ರಶ್ನೆ: ನನ್ನ ತಂಗಿಯ ಮಗಳು ಮಿಶನ್ ತಂಡವೊಂದರ ಜೊತೆ ಸುಮಾರು ಒಂದು ವರ್ಷ ಏಳೆಂಟು ದೇಶಗಳಲ್ಲಿ ಸೇವೆ ಮಾಡಿ ಈಚೆಗೆ ಊರಿಗೆ ಬಂದಿದ್ದಾಳೆ. ಹೋಗುವಾಗ ಎಷ್ಟು ಲವಲವಿಕೆಯಿಂದಿದ್ದಳೋ ಬಂದ ಮೇಲೆ ಅಷ್ಟೇ ಮೌನ. ಮದುವೆ ಮನೆಯಲ್ಲಿ ಎಲೆಯಲ್ಲಿ ಅನ್ನ ಬಿಟ್ಟದ್ದನ್ನು ಕಂಡರೆ ಸಿಟ್ಟಾಗುತ್ತಾಳೆ. ಆರಾಧನೆಗೆ ಬಂದರೂ ಹಿಂದಿನ ಬೆಂಚಿನಲ್ಲಿ ಕುಳಿತು ಎದ್ದು ಹೋಗುತ್ತಾಳೆ. ಹೊರಗೆ ಹೋಗಿ ಬಂದ ಅಹಂಕಾರವೇ, ವಿಶ್ವಾಸ ಕುಗ್ಗಿತೇ, ಇಲ್ಲ ಆರೋಗ್ಯ ಕೆಟ್ಟಿದೆಯೇ? ಮನೆಗೆ ಬರುವುದು ಸಂತೋಷದ ವಿಷಯವಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ನೀವು ಈ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಹೊರಡುವವರನ್ನು ಹೇಗೆ ಕಳುಹಿಸಬೇಕೆಂಬುದು ನಮ್ಮ ಸಭೆಗಳಿಗೆ ಚೆನ್ನಾಗಿ ಗೊತ್ತು. ಉಪವಾಸ ಪ್ರಾರ್ಥನೆ ಇರುತ್ತದೆ, ಕಾಣಿಕೆ ಎತ್ತುತ್ತೇವೆ, ಕೈಯಿಟ್ಟು ಆಶೀರ್ವದಿಸುತ್ತೇವೆ. ಮರಳಿದವರನ್ನು ಹೇಗೆ ಬರಮಾಡಿಕೊಳ್ಳಬೇಕೆಂದು ಕೇಳುವವರು ಕಡಿಮೆ. ನಿಮ್ಮ ಸಂದೇಹವನ್ನು ಹೀಗೆ ಹೇಳಬಹುದು: ಪರದೇಶದಲ್ಲಿ ಒಗ್ಗದಿರುವುದು ಸಹಜ, ಹುಟ್ಟಿ ಬೆಳೆದ ಮನೆಯೇ ಒಗ್ಗದಿರುವುದು ಹೇಗೆ? ಹಂತ ಹಂತವಾಗಿ ನೋಡೋಣ.

ಮೊದಲನೆಯದಾಗಿ, ಇದು ಅಪರೂಪದ ಸಂಗತಿಯಲ್ಲ. ಬೇರೆ ನಾಡಿಗೆ ಹೋದವರಿಗೆ ಆಗುವ ಮನಸ್ಸಿನ ತಳಮಳದ ಬಗ್ಗೆ 1950ರ ದಶಕದಲ್ಲಿ ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ ವಿವರವಾಗಿ ಬರೆದರು. ಆರಂಭದಲ್ಲಿ ಎಲ್ಲವೂ ಚೆಂದ, ಆಮೇಲೆ ಬೇಸರ ಮತ್ತು ಸಿಟ್ಟು, ಕ್ರಮೇಣ ಹೊಂದಾಣಿಕೆ – ಇದು ಅವರು ಕಂಡ ದಾರಿ. 1963ರಲ್ಲಿ ಜಾನ್ ಮತ್ತು ಜೀನ್ ಗಲಾಹಾರ್ನ್ ಎಂಬ ಸಮಾಜವಿಜ್ಞಾನಿಗಳು ಇದಕ್ಕೆ ಎರಡನೆಯ ಭಾಗವನ್ನು ಸೇರಿಸಿದರು. ವಿದೇಶದಲ್ಲಿ ಓದಿಯೋ ಕೆಲಸ ಮಾಡಿಯೋ ತಾಯ್ನಾಡಿಗೆ ಮರಳಿದವರಲ್ಲಿಯೂ ಇದೇ ಏರಿಳಿತ ಇನ್ನೊಮ್ಮೆ ನಡೆಯುತ್ತದೆ ಎಂದರು. ಮನಸ್ಸಿನ ಈ ಏರಿಳಿತವನ್ನು ಗೆರೆಯಲ್ಲಿ ಎಳೆದರೆ ಇಂಗ್ಲಿಷಿನ ಡಬ್ಲ್ಯೂ ಅಕ್ಷರದಂತೆ ಕಾಣುತ್ತದೆ. ನಿಮ್ಮ ತಂಗಿಯ ಮಗಳು ಈಗ ಆ ಎರಡನೆಯ ಇಳಿತದಲ್ಲಿರಬಹುದು.

ಮರಳಿದಾಗಿನ ಇಳಿತ ಕೆಲವರಿಗೆ ಹೋದಾಗಿನದಕ್ಕಿಂತ ಹೆಚ್ಚು ನೋಯಿಸಲು ಕಾರಣವಿದೆ. ಹೋಗುವಾಗ ಕಷ್ಟ ಬರುತ್ತದೆಂದು ಮೊದಲೇ ಗೊತ್ತಿರುತ್ತದೆ, ಮನಸ್ಸು ಸಿದ್ಧವಾಗಿರುತ್ತದೆ, ಜೊತೆಗೆ ತಂಡವಿರುತ್ತದೆ. ಬರುವಾಗ ಯಾವ ಸಿದ್ಧತೆಯೂ ಇರುವುದಿಲ್ಲ. ಒಂದು ವರ್ಷ ಅವಳ ದಿನ ಹೇಗಿತ್ತೆಂದು ಯೋಚಿಸಿ. ಬೆಳಿಗ್ಗೆ ತಂಡದ ಜೊತೆ ಪ್ರಾರ್ಥನೆ, ಹಗಲೆಲ್ಲ ಕೈತುಂಬ ಕೆಲಸ, ರಾತ್ರಿ ಒಂದೇ ಕೋಣೆಯಲ್ಲಿ ನಾಲ್ಕಾರು ಜನರ ಜೊತೆ ಮಾತು. ಮನೆಗೆ ಬಂದ ಮರುದಿನದಿಂದ ಆ ವೇಳಾಪಟ್ಟಿಯೂ ಇಲ್ಲ, ಆ ಗೆಳತಿಯರೂ ಇಲ್ಲ. ಮುಂದೆ ಕೆಲಸವೋ, ಓದೋ, ಮದುವೆಯೋ ಎಂಬ ಪ್ರಶ್ನೆ ಮಾತ್ರ ಬಂದವರೆಲ್ಲರ ಬಾಯಲ್ಲೂ ಇರುತ್ತದೆ.

ಎರಡನೆಯದಾಗಿ, ಬೈಬಲಿನಲ್ಲಿಯೇ ಇದಕ್ಕೆ ಉತ್ತರವಿದೆ. ಅಪೊಸ್ತಲರ ಕೃತ್ಯಗಳ 13 ಮತ್ತು 14ನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಿ ನೋಡಿ. ಅಂತಿಯೋಕ್ಯದ ಸಭೆಯವರು ಉಪವಾಸವಿದ್ದು ಪ್ರಾರ್ಥಿಸಿ, ಕೈಯಿಟ್ಟು ಬಾರ್ನಬನನ್ನೂ ಸೌಲನನ್ನೂ ಕಳುಹಿಸಿದರು. ಈ ಸೌಲನನ್ನೇ ಮುಂದೆ ಪೌಲನೆಂದು ಕರೆಯಲಾಗಿದೆ. ಅವರು ಕುಪ್ರ ದ್ವೀಪವನ್ನು ದಾಟಿ, ಈಗಿನ ಟರ್ಕಿಯಲ್ಲಿರುವ ಪೆರ್ಗೆ, ಪಿಸಿದ್ಯದ ಅಂತಿಯೋಕ್ಯ, ಇಕೋನ್ಯ, ಲುಸ್ತ್ರ ಪಟ್ಟಣಗಳ ಮೂಲಕ ದೆರ್ಬೆಯವರೆಗೆ ಹೋದರು. ಲುಸ್ತ್ರದಲ್ಲಿ ಪೌಲನ ಮೇಲೆ ಕಲ್ಲೆಸೆದು, ಸತ್ತನೆಂದು ಭಾವಿಸಿ ಊರ ಹೊರಗೆ ಎಳೆದು ಹಾಕಿದ್ದರು. ದೆರ್ಬೆಯಿಂದ ಪೂರ್ವಕ್ಕೆ ನಡೆದಿದ್ದರೆ ಪೌಲನ ಹುಟ್ಟೂರಾದ ತಾರ್ಸದ ಮೇಲೆಯೇ ಹಾಯ್ದು ಸಿರಿಯ ಸೇರಬಹುದಿತ್ತು. ಆದರೆ ಅವರು ಬಂದ ದಾರಿಯಲ್ಲೇ ತಿರುಗಿ, ಕಲ್ಲೆಸೆದ ಊರಿಗೂ ಮತ್ತೆ ಹೋಗಿ, ಹೊಸ ವಿಶ್ವಾಸಿಗಳಿಗೆ ಧೈರ್ಯ ಹೇಳಿ, ಸಭೆಗಳಿಗೆ ಹಿರಿಯರನ್ನು ನೇಮಿಸಿ, ಅತ್ತಾಲಿಯದಲ್ಲಿ ಹಡಗು ಹತ್ತಿ ಅಂತಿಯೋಕ್ಯಕ್ಕೆ ಬಂದರು.

ಇಲ್ಲಿ ಅನೇಕರಿಗೆ ಒಂದು ಗೊಂದಲವಾಗುತ್ತದೆ. ಅಂತಿಯೋಕ್ಯದಿಂದ ಹೊರಟವರು ನಡುದಾರಿಯಲ್ಲಿ ಮತ್ತೆ ಅಂತಿಯೋಕ್ಯಕ್ಕೆ ಬಂದದ್ದು ಹೇಗೆ, ಯಾತ್ರೆ ಅಲ್ಲಿಗೇ ಮುಗಿಯಿತೇ ಎಂದು ಕೇಳುತ್ತಾರೆ. ಈ ಯಾತ್ರೆಯಲ್ಲಿ ಬರುವ ಆ ಹೆಸರಿನ ಪಟ್ಟಣಗಳು ಎರಡು. ಕಳುಹಿಸಿದ ಸಭೆ ಇದ್ದದ್ದು ಸಿರಿಯದ ಅಂತಿಯೋಕ್ಯದಲ್ಲಿ. ಶಿಷ್ಯರನ್ನು ಕ್ರೈಸ್ತರೆಂದು ಮೊದಲು ಕರೆದದ್ದೂ ಅಲ್ಲಿಯೇ. ಅದು ಇಂದಿನ ಟರ್ಕಿಯ ಅಂತಾಕ್ಯ. ದಾರಿಯಲ್ಲಿ ಸಿಕ್ಕಿದ್ದು ಪಿಸಿದ್ಯದ ಅಂತಿಯೋಕ್ಯ. ಅದರ ಅವಶೇಷಗಳು ಟರ್ಕಿಯ ಒಳನಾಡಿನ ಯಾಲ್ವಾಚ್ ಪಟ್ಟಣದ ಹತ್ತಿರವಿವೆ. ಇಷ್ಟು ತಿಳಿದರೆ ಹೋದ ದಾರಿಯೂ ಬಂದ ದಾರಿಯೂ ನಕ್ಷೆಯ ಮೇಲೆ ಸ್ಪಷ್ಟವಾಗುತ್ತವೆ.

ಈಗ ನಿಮ್ಮ ಪ್ರಶ್ನೆಗೆ ಬೇಕಾದ ಮಾತು. ಪೌಲ ತಾರ್ಸದವನು, ಬಾರ್ನಬ ಕುಪ್ರದವನು. ಅಂತಿಯೋಕ್ಯ ಇಬ್ಬರಿಗೂ ಹುಟ್ಟೂರಲ್ಲ. ತಮ್ಮನ್ನು ಕಳುಹಿಸಿದ ಸಭೆ ಎಲ್ಲಿತ್ತೋ ಅಲ್ಲಿಗೆ ಅವರು ಮರಳಿದರು. ಬಂದೊಡನೆ ಸಭೆಯವರನ್ನೆಲ್ಲ ಕೂಡಿಸಿ, ದೇವರು ತಮ್ಮ ಮೂಲಕ ಮಾಡಿದ್ದನ್ನೆಲ್ಲ ತಿಳಿಸಿದರು. ಆಮೇಲೆ ಬಹುಕಾಲ ಶಿಷ್ಯರ ಸಂಗಡ ಅಲ್ಲಿಯೇ ಇದ್ದರು. ಕಳುಹಿಸಿದವರು ಕೂತು ಕೇಳಿದರು, ಬಂದವರು ಅವಸರವಿಲ್ಲದೆ ಉಳಿದರು. ಮಾರ್ಕನ ಸುವಾರ್ತೆಯ 6ನೆಯ ಅಧ್ಯಾಯದಲ್ಲೂ ಇದೇ ಕ್ರಮವಿದೆ. ಊರೂರು ತಿರುಗಿ ಬಂದ ಹನ್ನೆರಡು ಮಂದಿ ಶಿಷ್ಯರು ತಾವು ಮಾಡಿದ್ದನ್ನೂ ಕಲಿಸಿದ್ದನ್ನೂ ಯೇಸುವಿಗೆ ಹೇಳುತ್ತಾರೆ. ಜನಜಂಗುಳಿಯಲ್ಲಿ ಅವರಿಗೆ ಊಟ ಮಾಡಲೂ ಬಿಡುವಿಲ್ಲದ್ದನ್ನು ಕಂಡು ಯೇಸು ಅವರನ್ನು ದಣಿವಾರಿಸಿಕೊಳ್ಳಲು ಏಕಾಂತ ಸ್ಥಳಕ್ಕೆ ಕರೆಯುತ್ತಾನೆ. ಆದುದರಿಂದ ಮರಳಿ ಬರುವುದೂ, ಹೇಳಿಕೊಳ್ಳುವುದೂ, ವಿಶ್ರಮಿಸುವುದೂ ಸೇವೆಯ ಭಾಗಗಳೇ.

ಅದೇ ಯಾತ್ರೆಯಲ್ಲಿ ಅರ್ಧದಲ್ಲೇ ಮನೆಗೆ ಬಂದವನೊಬ್ಬನಿದ್ದ. ಮಾರ್ಕನೆನಿಸಿಕೊಂಡ ಯೋಹಾನ ಪೆರ್ಗೆಯಿಂದಲೇ ಯೆರೂಸಲೇಮಿಗೆ ಹಿಂದಿರುಗಿದ. ಕಾರಣವನ್ನು ಗ್ರಂಥ ಹೇಳುವುದಿಲ್ಲ. ಮುಂದಿನ ಯಾತ್ರೆಗೆ ಅವನನ್ನು ಕರೆದೊಯ್ಯುವ ವಿಷಯದಲ್ಲಿ ಪೌಲನಿಗೂ ಬಾರ್ನಬನಿಗೂ ತೀವ್ರ ವಾಗ್ವಾದವಾಗಿ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಬಾರ್ನಬ ಮಾರ್ಕನ ಕೈಬಿಡದೆ ಕುಪ್ರಕ್ಕೆ ಕರೆದುಕೊಂಡು ಹೋದ. ವರ್ಷಗಳ ಬಳಿಕ ಪೌಲ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಮಾರ್ಕ ತನ್ನ ಸೇವೆಗೆ ಬೇಕಾದವನು, ಅವನನ್ನು ಕರೆದುಕೊಂಡು ಬಾ ಎಂಬ ಮಾತಿದೆ. ಮರಳಿದವರ ವಿಷಯದಲ್ಲಿ ಆತುರದ ತೀರ್ಪು ಬೇಡವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮೂರನೆಯದಾಗಿ, ಹೆಸರಾಂತ ಮಿಶನರಿಗಳಿಗೂ ಮನೆ ಸುಲಭವಾಗಿ ಒಗ್ಗಲಿಲ್ಲ. ಲಂಡನ್ ಮಿಶನರಿ ಸೊಸೈಟಿಯ ಡೇವಿಡ್ ಲಿವಿಂಗ್‌ಸ್ಟನ್ 1840ರ ಕೊನೆಯಲ್ಲಿ ಬ್ರಿಟನ್ ಬಿಟ್ಟವರು. ಈಗಿನ ಜಾಂಬಿಯ, ಅಂಗೋಲ, ಮೊಜಾಂಬಿಕ್ ನಾಡುಗಳನ್ನು ಹಾಯ್ದು ಆಫ್ರಿಕವನ್ನು ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ದಾಟಿ, ಬ್ರಿಟನ್ನಿಗೆ ಮರಳಿದ್ದು 1856ರ ಡಿಸೆಂಬರಿನಲ್ಲಿ. ಆ ಯಾತ್ರೆಯ ಕೊನೆಗೆ ಬ್ರಿಟಿಷ್ ಹಡಗು ಹತ್ತಿದಾಗ ತಮ್ಮದೇ ಭಾಷೆಯ ಮಾತು ನಾಲಿಗೆಗೆ ಬರದೆ ತಡವರಿಸಿದೆನೆಂದು ಅವರೇ ಬರೆದುಕೊಂಡಿದ್ದಾರೆ. ಮೂರೂವರೆ ವರ್ಷ ಅವರು ಇಂಗ್ಲಿಷ್ ಆಡಿದ್ದೇ ಅಪರೂಪ. ಊರು ಮುಟ್ಟುವ ಮೊದಲೇ ಅವರ ತಂದೆ ತೀರಿಕೊಂಡಿದ್ದರು. 1852ರಲ್ಲಿ ಬ್ರಿಟನ್ನಿಗೆ ಕಳುಹಿಸಿದ್ದ ಹೆಂಡತಿ ಮೇರಿ ಮತ್ತು ಮಕ್ಕಳು ನೆಲೆಯಾದ ಮನೆಯಿಲ್ಲದೆ ವರ್ಷಗಟ್ಟಲೆ ಕಷ್ಟಪಟ್ಟಿದ್ದರು. ಹೊರಗೆ ಸನ್ಮಾನ, ಭಾಷಣ, ಕಿಕ್ಕಿರಿದ ಸಭೆಗಳು. ಒಳಗೆ ಮಕ್ಕಳಿಗೆ ಹೊಸಬನಾದ ತಂದೆ. 1858ರಲ್ಲಿ ಅವರು ಮತ್ತೆ ಆಫ್ರಿಕಕ್ಕೆ ಹೊರಟರು. ಹೋದವರು ಬದಲಾಗುವಂತೆ ಮನೆಯೂ ಬದಲಾಗಿರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ನಾಡಿಗೆ ಬಂದ ಬಾಸೆಲ್ ಮಿಶನ್ನಿನವರದ್ದೂ ಇಂಥದೇ ಕಥೆ. ಅವರಲ್ಲಿ ಅನೇಕರು ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯೂರೋಪಿಗೆ ಕಳುಹಿಸುತ್ತಿದ್ದರು. ಅದೇ ಮಿಶನ್ನಿನ ಹೆರ್ಮನ್ ಗುಂಡರ್ಟರ ಮಗಳು ಮರಿ 1842ರಲ್ಲಿ ತಲಶ್ಶೇರಿ ಸೀಮೆಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಯೂರೋಪ್ ಸೇರಿ, ಮತ್ತೆ ತಂದೆತಾಯಿಯ ಬಳಿ ಬಂದದ್ದು 1857ರಲ್ಲಿ. ಅಂಥ ಮಕ್ಕಳಿಗೆ ಮನೆ ಯಾವುದು, ಪರದೇಶ ಯಾವುದು? ಈ ಮರಿಯ ಮಗನೇ ಮುಂದೆ ಪ್ರಸಿದ್ಧ ಲೇಖಕನಾದ ಹೆರ್ಮನ್ ಹೆಸ್ಸೆ. ಇನ್ನು ನಮ್ಮ ಫರ್ಡಿನೆಂಡ್ ಕಿಟ್ಟೆಲ್. 1853ರಲ್ಲಿ ಬಂದವರು, ಜರ್ಮನಿಗೆ ಮರಳಿದ್ದರೂ ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ ಮತ್ತೆ ಬಂದರು. ಕೊನೆಯದಾಗಿ ಜರ್ಮನಿಗೆ ಹೋದ ಮೇಲೂ ಕನ್ನಡವನ್ನು ಬಿಡಲಿಲ್ಲ. 1894ರಲ್ಲಿ ಅವರ ನಿಘಂಟು ಮಂಗಳೂರಿನಲ್ಲಿ ಪ್ರಕಟವಾಯಿತು. ತೀರಿಕೊಂಡ 1903ರಲ್ಲಿಯೇ ಅವರ ಕನ್ನಡ ವ್ಯಾಕರಣವೂ ಹೊರಬಂತು. ದೂರದ ನಾಡಿನಲ್ಲಿ ಕಲಿತದ್ದಕ್ಕೆ ಮನೆಯಲ್ಲೊಂದು ಕೆಲಸ ಸಿಕ್ಕಿದರೆ ಮರಳುವಿಕೆ ವ್ಯರ್ಥವಾಗದು ಎಂಬುದಕ್ಕೆ ಕಿಟ್ಟೆಲರೇ ಸಾಕ್ಷಿ.

ಇನ್ನು ನೀವು ಹೆಸರಿಸಿದ ಮೂರು ಶಂಕೆಗಳು. ಅಹಂಕಾರವೇ ಎಂದು ಕೇಳಿದ್ದೀರಿ. ನೀರಿಗಾಗಿ ಮೈಲಿಗಟ್ಟಲೆ ನಡೆಯುವ ಮಕ್ಕಳ ಜೊತೆ ಇದ್ದು ಬಂದವಳಿಗೆ ಎಲೆಯಲ್ಲಿ ಉಳಿದ ಅನ್ನ ಕಂಡರೆ ಸಂಕಟವಾಗುವುದು ಸಹಜ. ಅದು ಅವಳ ಬಾಯಿಂದ ಸಿಟ್ಟಾಗಿ ಹೊರಬರುತ್ತಿದೆ. ವಿಶ್ವಾಸ ಕುಗ್ಗಿತೇ ಎಂಬುದು ಎರಡನೆಯದು. ಕಂಡ ಬಡತನದ ಬಗ್ಗೆ ದೇವರನ್ನು ಪ್ರಶ್ನೆ ಕೇಳುವುದು ವಿಶ್ವಾಸದ ಸಾವಲ್ಲ. ಕೀರ್ತನೆಗಳ ಗ್ರಂಥದ ತುಂಬ ಅಂಥ ಪ್ರಶ್ನೆಗಳಿವೆ. ಮೂರನೆಯದು ಆರೋಗ್ಯ. ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮಲೇರಿಯ ಇರುವ ದೇಶಗಳಿಗೆ ಹೋಗಿ ಬಂದವರಿಗೆ ತಿಂಗಳುಗಳ ನಂತರವೂ ಜ್ವರ ಕಾಣಿಸಿಕೊಳ್ಳಬಹುದು. ಜ್ವರ ಬಂದರೆ ಯಾವ ಯಾವ ದೇಶದಲ್ಲಿ ಇದ್ದಳೆಂದು ವೈದ್ಯರಿಗೆ ತಪ್ಪದೆ ಹೇಳಿ, ರಕ್ತಪರೀಕ್ಷೆ ಮಾಡಿಸಿ. ನಿದ್ದೆ, ಊಟ ಎರಡೂ ಕೆಟ್ಟು, ಯಾವುದರಲ್ಲೂ ಆಸಕ್ತಿಯಿಲ್ಲದ ಸ್ಥಿತಿ ಎರಡು ವಾರ ದಾಟಿದರೆ ಮನೋವೈದ್ಯರನ್ನು ಕಾಣುವುದು ಒಳ್ಳೆಯದು. ಪ್ರಾರ್ಥನೆಯೂ ಇರಲಿ, ಚಿಕಿತ್ಸೆಯೂ ಇರಲಿ.

ಕೊನೆಯದಾಗಿ, ನೀವು ಮಾಡಬಹುದಾದದ್ದು. ಆರಾಧನೆ ಮುಗಿದು ಚಪ್ಪಲಿ ಹುಡುಕುತ್ತಾ, ಗಾಡಿಯ ಕೀಲಿ ತೆಗೆಯುತ್ತಾ ‘ಹೇಗಿತ್ತಮ್ಮ ಪ್ರವಾಸ?’ ಎಂದರೆ ಅವಳು ‘ಚೆನ್ನಾಗಿತ್ತು’ ಎಂದಷ್ಟೇ ಹೇಳಬಲ್ಲಳು. ಅದರ ಬದಲು ಒಂದು ಸಂಜೆ ಮನೆಗೆ ಕರೆಯಿರಿ. ಒಂದು ದೇಶ, ಒಂದು ಊರು, ಒಬ್ಬ ವ್ಯಕ್ತಿಯ ವಿಷಯ ಕೇಳಿ: ‘ಅಲ್ಲಿ ಯಾರ ಮನೆಯಲ್ಲಿ ಊಟ ಮಾಡುತ್ತಿದ್ದೆ? ಯಾರನ್ನು ಬಿಟ್ಟು ಬರುವಾಗ ಹೆಚ್ಚು ಅಳು ಬಂತು?’ ಫೋಟೊಗಳನ್ನು ಅವಸರವಿಲ್ಲದೆ ನೋಡಿ. ನಡುವೆ ನಿಮ್ಮ ಮಾತು, ಉಪದೇಶ ಬೇಡ. ಸಭೆಯಲ್ಲಿ ಸಾಕ್ಷಿ ಹೇಳಲು ಐದು ನಿಮಿಷ ಕೊಟ್ಟು ಮುಗಿಸಬೇಡಿ. ಸಭಾಪಾಲಕರೂ ಹಿರಿಯರೂ ಪ್ರತ್ಯೇಕವಾಗಿ ಕೂತು ಕೇಳಲಿ. ಆಗದ ಕೆಲಸ, ತಂಡದೊಳಗಿನ ಮನಸ್ತಾಪ, ಭಯ – ಇವನ್ನು ವೇದಿಕೆಯ ಮೇಲೆ ಹೇಳಲಾಗದು, ಎದುರು ಕೂತವರಿಗೆ ಹೇಳಬಹುದು. ಒಂದೆರಡು ತಿಂಗಳು ದೊಡ್ಡ ನಿರ್ಧಾರಗಳಿಗೆ ಒತ್ತಾಯಿಸಬೇಡಿ. ಆಮೇಲೆ ಅವಳು ಕಲಿತು ಬಂದದ್ದಕ್ಕೆ ಹೊಂದುವ ಜವಾಬ್ದಾರಿ ಕೊಡಿ: ಭಾನುವಾರದ ಶಾಲೆಯ ಮಕ್ಕಳು, ಊರಿಗೆ ಕೆಲಸಕ್ಕೆ ಬಂದಿರುವ ಹೊರ ರಾಜ್ಯದ ಕುಟುಂಬಗಳು, ಅನಾರೋಗ್ಯದಲ್ಲಿರುವವರ ಭೇಟಿ. ಭಾಷೆ ಬಾರದ ಊರಿನಲ್ಲಿ ಇದ್ದು ಬಂದವಳಿಗೆ, ಭಾಷೆ ಬಾರದೆ ನಮ್ಮೂರಲ್ಲಿ ಇರುವವರ ಕಷ್ಟ ಬೇಗ ಅರ್ಥವಾಗುತ್ತದೆ.

ಅವಳನ್ನು ಕಳುಹಿಸುವಾಗ ನಿಮ್ಮ ಸಭೆ ಕೈಯಿಟ್ಟು ಪ್ರಾರ್ಥಿಸಿತ್ತಲ್ಲವೇ? ಆ ಜವಾಬ್ದಾರಿ ವಿಮಾನ ನಿಲ್ದಾಣದಲ್ಲಿ ಮುಗಿಯುವುದಿಲ್ಲ. ಈ ವಾರವೇ ನಿಮ್ಮ ಸಭಾಪಾಲಕರ ಜೊತೆ ಮಾತಾಡಿ, ಅವಳು ಹೇಳುವುದನ್ನು ಪೂರ್ತಿ ಕೇಳಲು ಒಂದು ದಿನ ಗೊತ್ತುಮಾಡಿ.